ಕರೆವ್ವನ ಬಾಣಂತನ

ಕರೆವ್ವನ ಕಣ್ಣು ಮಂಜಾಗಿವೆ ಎಂಬುದು ಮನೆಯ ಗಂಡಸರಿಗೆ ತಿಳಿದದ್ದು ಒಂದು ಕಂಬಳಿಯಿಂದ. ಅದಕ್ಕೂ ಮೊದಲು ಆಕೆ ಹೊಸ್ತಿಲು ಎಡವಿ ಬಿದ್ದಿದ್ದಳು, ಕಾದ ಹಂಚಿನ ಮೇಲೆ ಕೈಯೂರಿ ಬೊಬ್ಬೆ ಎಬ್ಬಿಸಿಕೊಂಡಿದ್ದಳು, ಅಂಗಳದಲ್ಲಿ ನಿಂತ ಸ್ವಂತ ಮೈದುನನನ್ನೇ ಯಾರೋ ಬೀಗರೆಂದು ತಿಳಿದು ಸೆರಗು ಎಳೆದುಕೊಂಡು ಒಳಗೆ ಸರಿದಿದ್ದಳು. ಅವೆಲ್ಲ ಹೆಂಗಸರ ಗಡಿಬಿಡಿ ಎಂದು ಹೋಗಿದ್ದವು. ಆ ವರ್ಷ ದೀಪಾವಳಿಯ ಮುಂದೆ ಅವಳ ಗಂಡ ಮುದಕಪ್ಪ ಮಗ್ಗದ ಕುಣಿಯಲ್ಲಿ ಕೂತು ನೇಯುತ್ತಿದ್ದಾಗ ಬಾಗಿಲ ಬಿಸಿಲು ಕರಿ ಕಂಬಳಿಯ ಮೇಲೆ ಬಿತ್ತು. ನಟ್ಟನಡುವೆ ಕಂದು ಉಣ್ಣೆಯ ಎಳೆಗಳು ಬರೆ ಎಳೆದಂತೆ ಕಂಡವು.

ಕಂದು, ಕರಿ ಬೇರೆ ಮಾಡಿ ನೂಲುವುದು ಕುರುಬರ ಮನೆಯ ಹುಡುಗಿ ಲಂಗ ಉಡುವಾಗಲೇ ಕಲಿಯುವ ಕೆಲಸ. ಮುದಕಪ್ಪ ಕುಣಿಯಿಂದ ಎದ್ದು ಬಂದು ಹೆಂಡತಿಯ ಮುಂದೆ ಎರಡು ಹಿಡಿ ಉಣ್ಣೆ ಇಟ್ಟು, ಇದರಲ್ಲಿ ಕರಿ ಯಾವುದು ಎಂದು ಕೇಳಿದ. ಕರೆವ್ವ ಎರಡನ್ನೂ ಮುಟ್ಟಿ ನೋಡಿದಳು. ಬೆರಳಲ್ಲಿ ಹೊಸೆದಳು. ಕೊನೆಗೆ ನೆಗೆಣ್ಣಿ ಮಾಯವ್ವ ಇದ್ದ ದಿಕ್ಕಿಗೆ ಮುಖ ಎತ್ತಿದಳು.

ಮಾಯವ್ವನಿಗೆ ಇದು ಹಳೆಯ ಸಂಗತಿ. ಅಣ್ಣನ ಹೆಂಡತಿ ಕರೆವ್ವ, ತಮ್ಮನ ಹೆಂಡತಿ ಮಾಯವ್ವ. ಇಬ್ಬರ ಹರೆಯವೂ ಒಂದೇ ಒಲೆಯ ಮುಂದೆ ಕಳೆದಿತ್ತು. ಅಕ್ಕನ ಕೈಗೆ ಸಿಗಲೆಂದು ಅವಳು ಉಪ್ಪಿನ ಗಡಿಗೆಯನ್ನು ಸದಾ ಎಡಕ್ಕೆ, ಖಾರದ ಡಬ್ಬಿಯನ್ನು ಬಲಕ್ಕೆ ಇಡುತ್ತಿದ್ದಳು. ಯಾರಾದರೂ ಕೊಡ ಸರಿಸಿದರೆ ಬೈದು ಮತ್ತೆ ಅಲ್ಲಿಗೇ ಇಡಿಸುವಳು. ಉಣ್ಣೆಯನ್ನು ತಾನೇ ಆರಿಸಿ, ಈಚಲ ಬುಟ್ಟಿ ಕರಿಯದು, ಬಿದಿರ ಬುಟ್ಟಿ ಕಂದಿನದು ಎಂದು ಕೈಗೆ ತಿಳಿಯುವ ಹಾಗೆ ಮಾಡಿಟ್ಟಿದ್ದಳು. ಮಕ್ಕಳಿಲ್ಲದವಳು, ಮೇಲೆ ಕುರುಡಿ ಎಂದಾದರೆ ಆ ಮನೆಯಲ್ಲಿ ಯಾವ ಮೂಲೆ ಸಿಗುತ್ತದೆಂದು ಇಬ್ಬರಿಗೂ ಗೊತ್ತಿತ್ತು, ಅದಕ್ಕೇ ಬಾಯಿ ಬಿಟ್ಟಿರಲಿಲ್ಲ. ಆ ಕಂಬಳಿಯ ನೂಲು ನೂತ ವಾರ ಮಾಯವ್ವ ತವರಿನಲ್ಲಿ ಒಂದು ಸಾವಿಗೆ ಹೋಗಿದ್ದಳು. ಹಿಂದೆ ಯಾರೋ ಬುಟ್ಟಿ ಅದಲುಬದಲು ಮಾಡಿದ್ದರು, ಅಷ್ಟೇ.

ಕರೆವ್ವ ಹೆರಲಿಲ್ಲ. ಮಾಯವ್ವ ನಾಲ್ಕು ಹೆತ್ತಳು. ಅವರ ಅತ್ತೆ ತಾಯವ್ವ ಬಾಣಂತನ ಮಾಡುವುದರಲ್ಲಿ ತಮ್ಮೂರು ಬಾಡಗಂಡಿಯ ಸುತ್ತಿನ ಹಳ್ಳಿಗಳಿಗೆಲ್ಲ ಹೆಸರಾದವಳು. ಅವಳ ಕೈಯಲ್ಲಿ ಎರೆಸಿಕೊಂಡವಳಿಗೆ ಮುಪ್ಪಿನಲ್ಲೂ ಸೊಂಟ ನೋಯುವುದಿಲ್ಲ ಎನ್ನುತ್ತಿದ್ದರು. ಗಾಳಿಯಾಡದ ಒಳಕೋಣೆಯಲ್ಲಿ ಹಗ್ಗ ಹೆಣೆದ ಹೊರಸು, ಹೊರಸಿನ ಕೆಳಗೆ ಕೆಂಡದ ಅಗ್ಗಿಷ್ಟಿಕೆ, ಕೆಂಡದ ಮೇಲೆ ಅಜವಾನ ಉದುರಿಸಿ ಎಬ್ಬಿಸಿದ ಹೊಗೆ. ದಿನಾ ನೆತ್ತಿಗೆ ಎಣ್ಣೆ ತಟ್ಟಿ, ಮೈ ತಿಕ್ಕಿ, ಹಂಡೆಗಟ್ಟಲೆ ಬಿಸಿನೀರನ್ನು ಎತ್ತರದಿಂದ ಸುರಿದು, ತಲೆಗೆ ಬಿಗಿಯಾಗಿ ಬಟ್ಟೆ ಕಟ್ಟಿ ಮಲಗಿಸುವುದು. ಅಷ್ಟೂ ದಿನ ಬಾಣಂತಿ ನೆಲದ ಮೇಲಿನ ಕಡ್ಡಿ ಎತ್ತುವ ಹಾಗಿಲ್ಲ. ಮಾಯವ್ವ ಹಾಗೆ ಮಲಗಿದಾಗಲೆಲ್ಲ ಅವಳ ಪಾಲಿನ ಕೆಲಸ ಮಾಡಿದವಳು ಕರೆವ್ವ. ಹಂಡೆಗೆ ನೀರು ಹೊತ್ತವಳು, ಕೆಂಡ ಊದಿದವಳು, ಬಾಣಂತಿಯ ಬಟ್ಟೆ ಒಗೆದವಳು ಅವಳೇ. ಹೊಗೆಗೆ ಅವಳ ಕಣ್ಣಲ್ಲಿ ನೀರು ಸುರಿದರೆ ಅತ್ತೆ ಆಡಿಕೊಳ್ಳುವಳು: ಬಾಣಂತಿಯಾಗುವ ಯೋಗವಂತೂ ಇಲ್ಲ, ಹೊಗೆಯನ್ನಾದರೂ ಕುಡಿಯಲಿ. ಮದುವೆಯಾಗಿ ಬಂದಂದಿನಿಂದ ಕರೆವ್ವ ಹಗಲು ಹೊತ್ತು ಮಲಗಿದ್ದನ್ನು ಆ ಮನೆಯಲ್ಲಿ ಯಾರೂ ಕಂಡಿರಲಿಲ್ಲ.

ಕಂಬಳಿ ಕೆಟ್ಟ ಮೇಲೆ ಆಸ್ಪತ್ರೆಯ ಮಾತು ಬಂತು.

"ಕಣ್ಣಿಗೆ ಪರಿ ಬಂದಿದ್ರ ತಗಿಸ್ಕೊಂಡ ಬರ್ಲಿ," ಎಂದ ಮುದಕಪ್ಪ. "ನೂಲ ಇಲ್ದ ನಾ ಏನ ಗಾಳಿ ನೇಯ್ಲೇನ?"

ಕರೆದುಕೊಂಡು ಹೋಗುವವರು ಯಾರು ಎಂಬುದಕ್ಕೆ ಎರಡು ದಿನ ಚರ್ಚೆಯಾಯಿತು. ಮಾಯವ್ವನ ಗಂಡ ಪರಸಪ್ಪ ಮಗನ ಜೊತೆ ಕುರಿ ಹಿಂಡಿನೊಂದಿಗೆ ಹೊಳೆಯ ಕಡೆ ಇದ್ದ. ಮುದಕಪ್ಪ, ಮಗ್ಗದ ಹಾಸಿನ ನೂಲಿಗೆ ಬಳಿಯಲು ಹುಣಸೆ ಬೀಜದ ಗಂಜಿ ಕಾಯಿಸಿಟ್ಟಾಗಿದೆ, ಬಿಟ್ಟರೆ ಹಳಸುತ್ತದೆ ಎಂದ. ಹೆಂಗಸರಿಬ್ಬರೂ ಹೋದರೆ ರೊಟ್ಟಿ ಬಡಿಯುವವರು ಯಾರೆಂದು ತಾಯವ್ವ ಕೇಳಿದಳು. ರೊಟ್ಟಿಯೇ ತೊಡಕಾದರೆ ರೊಟ್ಟಿ ಮಾಡಿಟ್ಟೇ ಹೋಗುತ್ತೇನೆ ಎಂದಳು ಮಾಯವ್ವ. ಮಾತಿನಂತೆ ನೆಗೆಣ್ಣಿಯರಿಬ್ಬರೂ ಒಲೆಯ ಮುಂದೆ ಕೂತು, ಒಬ್ಬಳು ಬಡಿದು ಒಬ್ಬಳು ಬೇಯಿಸಿ, ಖಡಕ್ ರೊಟ್ಟಿಯ ರಾಶಿಯನ್ನೇ ಒಟ್ಟಿದರು. ಶೇಂಗಾ ಹಿಂಡಿ ಕುಟ್ಟಿಟ್ಟರು. ತನ್ನ ಕಣ್ಣಿನ ಆಪರೇಶನ್ನಿಗೆ ಹೊರಡುವ ದಿನದವರೆಗೂ ಕರೆವ್ವ ತಾನಿಲ್ಲದ ದಿನಗಳ ಅಡುಗೆ ಮಾಡುತ್ತಲೇ ಇದ್ದಳು, ಅದೂ ಒಲೆಯ ಉರಿ ಎಷ್ಟಿದೆಯೆಂದು ಅಂಗೈ ಹಿಡಿದು ತಿಳಿದುಕೊಳ್ಳುತ್ತ.

ಚಕ್ಕಡಿಯಲ್ಲಿ ಬೀಳಗಿಗೆ ಬಂದು, ಅಲ್ಲಿಂದ ಕೆಂಪು ಬಸ್ಸು ಹತ್ತಿ ಜಮಖಂಡಿಗೆ ಹೋದರು. ಬಸ್ಸಿನಲ್ಲಿ ಕರೆವ್ವ ಮಾಯವ್ವನ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಿದ್ದಳು. ಮನೆಯಲ್ಲಿ ಗಡಿಗೆ ಬುಟ್ಟಿಗಳ ನಡುವೆ ಕಣ್ಣಿದ್ದವರ ಹಾಗೆ ಓಡಾಡುತ್ತಿದ್ದವಳು ಆಸ್ಪತ್ರೆಯ ಮೆಟ್ಟಿಲ ಮುಂದೆ ಕಾಲು ಎಲ್ಲಿಡಬೇಕೆಂದು ತಿಳಿಯದೆ ನಿಂತುಬಿಟ್ಟಳು. ಅವಳ ಕುರುಡು ಎಷ್ಟು ದೂರ ಬಂದಿದೆಯೆಂದು ಮಾಯವ್ವನಿಗೂ ಆಗಲೇ ಪೂರ್ತಿ ತಿಳಿದದ್ದು.

ಎರಡೂ ಕಣ್ಣಿಗೆ ಪೊರೆ ಬಂದಿದೆ, ಮೊದಲು ಬಲಗಣ್ಣು ತೆಗೆಯೋಣ, ಎಡಗಣ್ಣನ್ನು ಕೆಲವು ತಿಂಗಳ ಮೇಲೆ ನೋಡೋಣ ಎಂದರು ಡಾಕ್ಟರು. ಆಪರೇಶನ್ ಆದ ಮೇಲೆ ಎರಡೂ ಕಣ್ಣಿಗೆ ಪಟ್ಟಿ ಕಟ್ಟಿ, ಅಲುಗಾಡಬಾರದೆಂದು ಹೇಳಿ ಅಂಗಾತ ಮಲಗಿಸಿದರು. ಉದ್ದನೆಯ ಒಂದೇ ವಾರ್ಡು. ನಡುವೆ ಪರದೆ, ಆಚೆ ಗಂಡಸರು, ಈಚೆ ಹೆಂಗಸರು. ಆಚೆ ಪ್ರತಿ ಮಂಚದ ಪಕ್ಕದಲ್ಲೂ ಒಬ್ಬಳು ಹೆಂಡತಿಯೋ ಮಗಳೋ ಕೂತು ಗಾಳಿ ಬೀಸುತ್ತಿದ್ದಳು. ಈಚೆ ಮುದುಕಿಯರು ಬಹಳ ಮಂದಿ ಒಂಟಿ. ಮಾಯವ್ವ ತನ್ನ ಅಕ್ಕನಿಗೆ ನೀರು ಕುಡಿಸಿ, ಹಾಗೇ ಪಕ್ಕದ ಮಂಚದವಳಿಗೂ ಕುಡಿಸಿ, ಅದರಾಚೆಯವಳನ್ನು ಪಾಯಖಾನೆಗೆ ನಡೆಸಿಕೊಂಡು ಹೋಗಿ ಬರುವಳು.

ಪರದೆಯ ಆಚೆ ರಬಕವಿಯ ಸಾಬಣ್ಣ ಎಂಬ ಸೀರೆ ನೇಯುವವನಿದ್ದ. ಚಹಾ ತಣ್ಣಗಾಯಿತು, ದಿಂಬು ಎತ್ತರವಾಯಿತು, ಕಾಲು ಒತ್ತು ಎಂದು ದಿನವಿಡೀ ಅವನ ಧ್ವನಿ. ಅವನ ಹೆಂಡತಿ ಹಾಲವ್ವ ಒಮ್ಮೆ ಲೋಟ ತೊಳೆಯಲು ಈಚೆ ಬಂದವಳು ಮಾಯವ್ವನ ಹತ್ತಿರ ಬಗ್ಗಿ, "ಕಣ್ಣ ಕಟ್ಯಾರ, ಬಾಯಿ ಕಟ್ಟೂದು ಮರತಾರ ನೋಡವ್ವಾ," ಎಂದಳು. ಪಟ್ಟಿ ಕಟ್ಟಿದ ಮುದುಕಿಯರೆಲ್ಲ ಅಲುಗಾಡಬಾರದೆಂಬುದನ್ನು ಮರೆತು ನಕ್ಕರು. ನರ್ಸಬಾಯಿ ಬಂದು ಎಲ್ಲರಿಗೂ ಬೈದಳು.

ಕರೆವ್ವ ಮಾತ್ರ ಮಲಗಲು ಕಲಿಯಲಿಲ್ಲ. ಮೈ ಮಲಗಿದ್ದರೂ ಬಲಗೈಯ ಬೆರಳುಗಳು ಹೊದಿಕೆಯ ಅಂಚು ಹಿಡಿದು ನೂಲು ಹೊಸೆಯುತ್ತಲೇ ಇರುತ್ತಿದ್ದವು. ಮನೆಯಲ್ಲಿ ನೀರು ಯಾರು ತಂದರೋ, ಕರುವಿಗೆ ಹಾಲು ಬಿಟ್ಟು ಕರೆದರೋ ಇಲ್ಲವೋ ಎಂದು ಕೇಳುವಳು. ಹೀಗೆ ಕಾಲು ಚಾಚಿ ಬಿದ್ದುಕೊಂಡದ್ದನ್ನು ಯಾರಾದರೂ ನೋಡುತ್ತಿದ್ದಾರೆಯೇ ಎಂದು ಪಿಸುಗುಟ್ಟುವಳು. ಎಲ್ಲರೂ ಹೀಗೇ ಬಿದ್ದುಕೊಂಡಿದ್ದಾರೆ, ನೋಡಲು ಯಾರಿಗೂ ಕಣ್ಣಿಲ್ಲ ಎಂದು ಮಾಯವ್ವ ಹೇಳಿದರೆ ತುಸು ಸಮಾಧಾನ.

ಪಟ್ಟಿ ಬಿಚ್ಚಿದ ದಿನ ಡಾಕ್ಟರು ದಪ್ಪನೆಯ ಗಾಜೊಂದನ್ನು ಬಲಗಣ್ಣಿನ ಮುಂದೆ ಹಿಡಿದು ಏನು ಕಾಣುತ್ತದೆ ಎಂದು ಕೇಳಿದರು. ಕರೆವ್ವ ಗಾಜಿನೊಳಗಿಂದ ಡಾಕ್ಟರನ್ನು, ಕಿಟಕಿಯನ್ನು ನೋಡಿದಳು. ಆಮೇಲೆ ಮಾಯವ್ವನ ಕಡೆ ಕೈ ಮಾಡಿದಳು.

"ಮಾಯಿ, ನಿನಗ ಯಾವಾಗ ಬಂತ ಇಷ್ಟ ಬಿಳಿ ಕೂದಲ?"

ಮಾಯವ್ವ ಸೆರಗಿನಿಂದ ತಲೆ ಮುಚ್ಚಿಕೊಂಡಳು. ನಗು ಬಂತು, ಅಳು ಬಂತು.

ಹೊರಡುವಾಗ ನರ್ಸಬಾಯಿ ಮಾಯವ್ವನನ್ನು ಎದುರಿಗೆ ನಿಲ್ಲಿಸಿಕೊಂಡು ಎಲ್ಲ ಬಿಡಿಸಿ ಹೇಳಿದಳು. ಕಣ್ಣಿನ ಹೊಲಿಗೆ ಹಸಿ ಇದೆ. ಒಂದೂವರೆ ತಿಂಗಳು ಬಗ್ಗಬಾರದು, ಭಾರ ಎತ್ತಬಾರದು, ಕೆಮ್ಮಬಾರದು, ಕಣ್ಣು ತಿಕ್ಕಬಾರದು. ಹೊಗೆಯ ಹತ್ತಿರ ಹೋಗಬಾರದು. ತಲೆಗೆ ನೀರು ಮುಟ್ಟಿಸಬಾರದು. ಆಮೇಲೆ ಬಂದರೆ ಕನ್ನಡಕ ಕೊಡುತ್ತಾರೆ, ಉಣ್ಣೆಯ ಎಳೆ ಎಳೆಯೂ ಕಾಣುತ್ತದೆ. ಇಷ್ಟರಲ್ಲಿ ಏನಾದರೂ ತಪ್ಪಿದರೆ ಕಣ್ಣು ಹೋಯಿತೆಂದೇ ತಿಳಿ.

ಬಸ್ಸಿನಲ್ಲಿ ಹಿಂದಿರುಗುವಾಗ ಮಾಯವ್ವನಿಗೆ ಅದೇ ಯೋಚನೆ. ಆಪರೇಶನ್ ಸುಲಭದ ಭಾಗ. ಒಂದೂವರೆ ತಿಂಗಳು ಈಕೆಯನ್ನು ಮಲಗಿಸುವುದು ಹೇಗೆ? ಆ ಮನೆಯಲ್ಲಿ ಜ್ವರ ಬಂದ ಹೆಂಗಸು ಗೋಡೆಗೆ ಮುಖ ಮಾಡಿ ಮಧ್ಯಾಹ್ನ ಮಲಗಿ, ಸಂಜೆ ಒಲೆ ಹೊತ್ತಿಸಲು ಎದ್ದೇ ಏಳುತ್ತಿದ್ದಳು. ಡಾಕ್ಟರು ವಿಶ್ರಾಂತಿ ಹೇಳಿದ್ದಾರೆ ಎಂದರೆ ಮೊದಲ ದಿನ ತಲೆಯಾಡಿಸುತ್ತಾರೆ, ನಾಲ್ಕನೆಯ ದಿನ ಕುಳಿತಲ್ಲೇ ರಾಟೆ ತಿರುಗಿಸಿದರೆ ಏನಾಗುತ್ತದೆ ಎನ್ನುತ್ತಾರೆ, ಆಮೇಲೆ ಒಂದೇ ಕೊಡ ನೀರು ಎನ್ನುತ್ತಾರೆ. ಯಾರೂ ಹೇಳದಿದ್ದರೆ ಕರೆವ್ವ ತಾನೇ ಏಳುತ್ತಾಳೆ. ಆ ಮನೆಗೆ ಹಗಲಲ್ಲಿ ಮಲಗುವ ಹೆಂಗಸು ಗೊತ್ತಿದ್ದದ್ದು ಒಂದೇ ತರಹದವಳು.

ಮನೆ ಮುಟ್ಟಿದಾಗ ತಾಯವ್ವ ಬಾಗಿಲಲ್ಲೇ ನಿಲ್ಲಿಸಿ ರೊಟ್ಟಿ ನಿವಾಳಿಸಿ ಎಸೆದಳು. ಮುದಕಪ್ಪ ಕುಣಿಯಿಂದಲೇ, ರಾಟೆಗೆ ಯಾವತ್ತು ಕೂಡುತ್ತಾಳೆ ಎಂದು ಕೇಳಿದ. ಮಾಯವ್ವ ಕೈಯ ಗಂಟನ್ನು ಕೆಳಗಿಟ್ಟಳು. ಅತ್ತೆಯ ಕಡೆ ತಿರುಗಿದಳು.

"ದವಾಖಾನ್ಯಾಗ ಹೇಳಿ ಕಳಿಸ್ಯಾರ ಅತ್ತಿ. ಅಕ್ಕನ್ನ ಬಾಣಂತಿ ನೋಡ್ಕೊಂಡಂಗ ನೋಡ್ಕೋಬೇಕಂತ."

ಹಾಗೆ ಯಾರೂ ಹೇಳಿರಲಿಲ್ಲ.

ತಾಯವ್ವ ಹಿರಿಯ ಸೊಸೆಯ ಮುಖವನ್ನು, ಕಣ್ಣಿಗೆ ಅಂಟಿಸಿದ್ದ ಹಸಿರು ಬಟ್ಟೆಯನ್ನು ನೋಡುತ್ತ ನಿಂತಳು. ಹುಬ್ಬು ಗಂಟಾಯಿತು, ಆಮೇಲೆ ಬಿಚ್ಚಿತು. ಬಾಣಂತಿ ಎಂದ ಮೇಲೆ ಅದು ತನ್ನ ಸೀಮೆ. ಮಗನನ್ನೂ ಸೇರಿಸಿ ಅಲ್ಲಿ ಯಾರ ಮಾತೂ ನಡೆಯದು.

"ಹೊರಸ ಎತ್ತಿ ಒಳಗಿನ ಖೋಲ್ಯಾಗ ಹಾಕ್ರಿ," ಎಂದಳು.

ಮುದಕಪ್ಪ ಕುಣಿಯಿಂದ ಎದ್ದು ಬಂದು ಹೊರಸು ಎತ್ತಿ ಹಾಕಿದ. ಮಾಯವ್ವ ಗೆದ್ದಿದ್ದಳು.

ಸುದ್ದಿ ಓಣಿ ತುಂಬಿತು. ನೆರೆಯ ಹೆಂಗಸರು ಬಾಣಂತಿಯನ್ನು ನೋಡಲು ಬರುವ ಹಾಗೆಯೇ ಕೊಬ್ಬರಿ, ಉತ್ತತ್ತಿ ಸೆರಗಿನಲ್ಲಿ ಕಟ್ಟಿಕೊಂಡು ಬಂದರು. ಏನು ಹಡೆದೆ ಕರೆವ್ವಾ ಎಂದು ಒಬ್ಬಳು ಚೇಷ್ಟೆ ಮಾಡಿದಳು. ಮಕ್ಕಳ ಮಾತು ಬಂದಾಗಲೆಲ್ಲ ಮೂವತ್ತು ವರ್ಷ ತಲೆ ತಗ್ಗಿಸಿದ ಕರೆವ್ವ ಅಂದು ತಗ್ಗಿಸಲಿಲ್ಲ. "ಕಣ್ಣ ಹಡದೇನವ್ವಾ," ಎಂದಳು. ತಾಯವ್ವನೂ ನಕ್ಕಳು.

ಮುದುಕಿಯ ಒಳಗೆ ಏನಾಯಿತೋ. ಅಳವಿ ಬೀಜದ ಪಾಯಸ ತಾನೇ ಕುದಿಸಿದಳು. ಅಂಟಿನ ಉಂಡೆ ಕಟ್ಟಿದಳು. ಹಿರಿಯ ಸೊಸೆಯ ಕೈಗೆ ತಾಟು ಕೊಟ್ಟು, ಅವಳು ತಿನ್ನುವವರೆಗೆ ಎದುರಿಗೇ ಕೂಡುವಳು. ಕರೆವ್ವ ತಾಟು ಹಿಡಿದೇ ಎದ್ದು ನಿಲ್ಲಲು ನೋಡುವಳು. ಅತ್ತೆ ಉಣಬಡಿಸುವುದು, ತಾನು ಉಣ್ಣುವುದು! ಆ ಕೆಲವು ದಿನ ಅವಳ ಬೆರಳುಗಳು ನೂಲು ಹೊಸೆಯುವುದನ್ನು ಬಿಟ್ಟು ಹೊರಸಿನ ಮೇಲೆ ಸುಮ್ಮನೆ ಬಿದ್ದಿರುವುದನ್ನು ಮಾಯವ್ವ ಕಂಡಳು. ಎರಡು ಹೆಂಗಸರ ಕೆಲಸ ಮಾಡುತ್ತ ಅವಳ ಸೊಂಟ ಬೀಳುತ್ತಿತ್ತು. ಆ ಬೆರಳುಗಳನ್ನು ನೋಡಿದಾಗ ಆಯಾಸ ಇಳಿಯುತ್ತಿತ್ತು.

ಆದರೆ ಬಾಣಂತನದ ಅರ್ಧವನ್ನಷ್ಟೇ ತಂದುಕೊಳ್ಳಲು ಬರುತ್ತದೆಯೇ? ಐದನೆಯ ದಿನವೋ ಆರನೆಯ ದಿನವೋ ತಾಯವ್ವ ಅಗ್ಗಿಷ್ಟಿಕೆ ತಂದಿಟ್ಟಳು. ಹೊಗೆ ಕೂಡದೆಂದು ಹೇಳಿದ್ದಾರೆ ಎಂದಳು ಮಾಯವ್ವ. ಅವರು ಹೇಳಿದ್ದು ಒಲೆಯ ಹೊಗೆ, ಒಲೆಯ ಹೊಗೆ ಬೇರೆ, ಅಜವಾನದ ಹೊಗೆ ಬೇರೆ ಎಂದಳು ತಾಯವ್ವ. ಒಂದು ಕಣ್ಣು ಕೆಡಿಸುವುದು, ಇನ್ನೊಂದು ಔಷಧ. ತಲೆಗೆ ನೀರು ಹಾಕದಿದ್ದರೆ ಶೀತ ನೆತ್ತಿಗೇರಿ ಮೈಯೆಲ್ಲ ಬಾತುಕೊಳ್ಳುತ್ತದೆ, ಯಾವ ಬಾಣಂತಿಯನ್ನು ಹೀಗೆ ಒಣಗಿಸಿಟ್ಟಿದ್ದೇವೆ ಎಂದು ಕೇಳಿದಳು. ಮಾಯವ್ವನಿಗೆ ತಾನು ಬಿಟ್ಟ ಮಾತು ತಿರುಗಿ ಬಂದು ಕಾಲಿಗೆ ತೊಡರುವುದು ತಿಳಿಯಿತು. ಬಾಣಂತನ ಅಲ್ಲ ಎಂದರೆ ಹೊರಸೇ ಹೋಗುತ್ತದೆ. ಕನ್ನಡಕ ಬಂದ ದಿನ ಎಲ್ಲ ಮಾಡೋಣ, ಅಲ್ಲಿಯವರೆಗೆ ಬೇಡ ಎಂದು ಹೇಗೋ ಹೇಳಿ ಅಗ್ಗಿಷ್ಟಿಕೆಯನ್ನು ಪಡಸಾಲೆಗೆ ಸರಿಸಿದಳು. ದಿನಾ ಒದ್ದೆ ಬಟ್ಟೆಯಿಂದ ಅಕ್ಕನ ಕುತ್ತಿಗೆಯ ಕೆಳಗೆ ತಾನೇ ಒರೆಸುವಳು, ಕೋಣೆಯ ಬಾಗಿಲಲ್ಲೇ ಕೂತು ಉಣ್ಣೆ ಹಿಂಜುವಳು. ಕಾವಲು ಅದು.

ಆ ಕಾವಲು ಮುರಿದದ್ದು ಕುರಿಗಳಿಂದ. ಉಣ್ಣೆ ಕತ್ತರಿಸುವ ದಿನ ಬಂತೆಂದು ಪರಸಪ್ಪ ಹೇಳಿ ಕಳಿಸಿದ. ಹಿಂಡು ಚಿಕ್ಕಪಡಸಲಗಿಯ ಕಡೆ ಹೊಳೆದಂಡೆಯ ಹೊಲಗಳಲ್ಲಿತ್ತು. ಕತ್ತರಿ ಹಿಡಿಯಲು ಬೀಗರು ಬರುತ್ತಾರೆ, ಅವರಿಗೆಲ್ಲ ಅಡುಗೆಯಾಗಬೇಕು, ಕತ್ತರಿಸಿದ ಉಣ್ಣೆ ಆರಿಸಿ ಕಟ್ಟಬೇಕು. ಪ್ರತಿ ವರ್ಷ ಅದಕ್ಕೆ ಹೋಗುತ್ತಿದ್ದವಳು ಕರೆವ್ವ. ಅವಳು ಹೊರಸಿನ ಮೇಲಿದ್ದಾಳೆ, ನೀನು ಹೋಗು ಎಂದ ಮುದಕಪ್ಪ. ಮಾಯವ್ವನ ಮಗಳು ಲಕ್ಷ್ಮವ್ವನನ್ನು ಕರೆಸೋಣವೆಂದರೆ ಅವಳನ್ನು ಮುಧೋಳಕ್ಕೆ ಕೊಟ್ಟು ವರ್ಷ ತುಂಬಿರಲಿಲ್ಲ, ಅತ್ತೆಮನೆಯವರು ಕಳಿಸಲಿಲ್ಲ. ಮಾಯವ್ವ ಮತ್ತೆ ರೊಟ್ಟಿ ಬಡಿದಳು. ಹೊರಡುವ ಮುನ್ನ ಅಕ್ಕನ ಕೈ ಹಿಡಿದು, ಯಾರೇ ಏನೇ ಹೇಳಲಿ ತಲೆಗೆ ನೀರು, ಮುಖಕ್ಕೆ ಹೊಗೆ ಬೇಡ ಎಂದು ಆಣೆ ಹಾಕಿಸಿಕೊಂಡಳು. ಕರೆವ್ವ ಹೂಂ ಎಂದಳು. ಅತ್ತೆಗೂ ಹೇಳಿದಳು. ತಾಯವ್ವ ಹೂಂ ಅನ್ನಲೂ ಇಲ್ಲ, ಉಹೂಂ ಅನ್ನಲೂ ಇಲ್ಲ.

ಹೊಳೆದಂಡೆಯಲ್ಲಿ ಗಂಡಸರು ಕುರಿ ಕೆಡವಿ ಕತ್ತರಿಸುತ್ತಿದ್ದರು, ಮಾಯವ್ವ ಮೂರು ಕಲ್ಲಿನ ಒಲೆಯಲ್ಲಿ ನುಚ್ಚು ಬೇಯಿಸುತ್ತಿದ್ದಳು. ಒಲೆಯ ಹೊಗೆ ಮುಖಕ್ಕೆ ಬಡಿದಾಗಲೆಲ್ಲ ಊರಿನ ದಾರಿಯ ಕಡೆ ತಿರುಗಿ ನೋಡುವಳು. ಅತ್ತಿಗೆಗೆ ಕಣ್ಣು ಬಂತೇ ಎಂದು ಪರಸಪ್ಪ ಕೇಳಿದ. ಬರಬೇಕಾದರೆ ನನ್ನನ್ನು ಬೇಗ ಕಳಿಸು ಎಂದಳು ಇವಳು. ಅವನು ಕೆಟ್ಟವನಲ್ಲ, ಆದರೆ ಉಣ್ಣೆ ಇನ್ನೂ ಕಟ್ಟಿರಲಿಲ್ಲ, ಬೀಗರು ಇನ್ನೂ ಉಂಡು ಎದ್ದಿರಲಿಲ್ಲ. ಇದೊಂದು ದಿನ ಇರು ಎಂದ. ಇದ್ದಳು.

ಊರಿಗೆ ಬಂದಾಗ ಓಣಿಯ ಬಾಯಲ್ಲೇ ಅಜವಾನದ ವಾಸನೆ ಮೂಗಿಗೆ ಬಡಿಯಿತು. ತಲೆಯ ಮೇಲಿನ ಉಣ್ಣೆಯ ಗಂಟನ್ನು ಎಲ್ಲಿ ಒಗೆದಳೋ ಅವಳಿಗೇ ನೆನಪಿಲ್ಲ.

ಒಳಕೋಣೆಯ ಬಾಗಿಲಲ್ಲಿ ತಾಯವ್ವ ಗೋಡೆಗೆ ಒರಗಿ ಕೂತಿದ್ದಳು. ಸೀರೆ ಮೊಳಕಾಲವರೆಗೆ ಒದ್ದೆ, ಅಂಗೈಗೆಲ್ಲ ಎಣ್ಣೆ. ಹಂಡೆ ಹೊತ್ತು, ಮೈ ತಿಕ್ಕಿ ದಣಿದಿದ್ದ ಮುದುಕಿಯ ಮುಖದಲ್ಲಿ ಮಾಯವ್ವ ಎಂದೂ ಕಾಣದ ಒಂದು ತೃಪ್ತಿ ಇತ್ತು. ಎರಡು ದಿನದಿಂದ ಎರೆಯುತ್ತಿದ್ದೇನೆ, ತಲೆ ತುರಿಸಿ ತುರಿಸಿ ಸಾಯುತ್ತಿದ್ದಳು, ಈಗ ನೋಡು ಹೇಗೆ ಮಲಗಿದ್ದಾಳೆ ಎಂದಳು. ಒಳಗೆ ಹೊಗೆ ದಟ್ಟವಾಗಿ ನಿಂತಿತ್ತು. ಹೊರಸಿನ ಕೆಳಗೆ ಕೆಂಡ. ಕರೆವ್ವನ ತಲೆಗೆ ಬಿಗಿಯಾಗಿ ಬಟ್ಟೆ ಸುತ್ತಿತ್ತು, ಕಿವಿಯಲ್ಲಿ ಅರಳೆ, ಮುಖ ಕೆಂಪಗೆ ಬೆಂದಿತ್ತು. ಕಣ್ಣಿನ ಹಸಿರು ಬಟ್ಟೆ ಇರಲಿಲ್ಲ. ಅವಳು ಕೆಮ್ಮಿದಳು, ಸೆರಗಿನಿಂದ ಬಲಗಣ್ಣು ಒರೆಸಿಕೊಂಡಳು.

ಮಾಯವ್ವ ಅಗ್ಗಿಷ್ಟಿಕೆಯನ್ನು ಬರಿಗೈಯಲ್ಲೇ ಎಳೆದು ಹೊರಗಿಟ್ಟಳು. ಬಾಗಿಲು ತೆರೆದು ಬೆಳಕಿಗೆ ಅಕ್ಕನ ಮುಖ ತಿರುಗಿಸಿದಳು. ಕಣ್ಣು ಕೆಂಡದ ಹಾಗಿತ್ತು. ಆಣೆ ಹಾಕಿಸಿಕೊಂಡಿದ್ದೆನಲ್ಲ ಎಂದು ಕೇಳಿದಳು. ಕರೆವ್ವ ಅವಳನ್ನು ಹತ್ತಿರ ಎಳೆದುಕೊಂಡಳು. ಅತ್ತೆಗೆ ಕೇಳದಂತೆ ತಗ್ಗಿದ ಧ್ವನಿಯಲ್ಲಿ ಹೇಳಿದಳು.

"ಮಾಯಿ, ಈ ಮನಿಗೆ ಬಂದ ಮ್ಯಾಲ ಅತ್ತಿ ಮೊದಲನೇ ಸಲ ನನ್ನ ಮೈ ಮುಟ್ಟಿ ಎರದಾಳ. ಬ್ಯಾಡ ಅನ್ನಾಕ ನನಗ ಬಾಯಿ ಬರಲಿಲ್ಲ."

ಬೆಳಗಾಗುವಷ್ಟರಲ್ಲಿ ಕಣ್ಣು ಕೀವು ಕಟ್ಟಿತು. ಕರೆವ್ವ ತಲೆಯನ್ನು ಹೊರಸಿನ ಪಟ್ಟಿಗೆ ಒತ್ತಿಕೊಂಡು ನರಳುತ್ತಿದ್ದಳು. ಈ ಸಲ ಮುದಕಪ್ಪನೂ ಬಸ್ಸು ಹತ್ತಿದ. ಜಮಖಂಡಿಯ ಡಾಕ್ಟರು ದೀಪ ಹಿಡಿದು ನೋಡಿ, ಹೊಲಿಗೆ ಬಿಚ್ಚಿದೆ, ಒಳಗೆಲ್ಲ ನಂಜಾಗಿದೆ ಎಂದರು. ತಲೆಗೆ ನೀರು ಹಾಕಿದವರು ಯಾರು, ಹೊಗೆ ಹಾಕಿದವರು ಯಾರು ಎಂದು ಗದರಿದರು. ಮಾಯವ್ವ ಅಕ್ಕನ ಸೆರಗನ್ನು ತಲೆಯ ಮೇಲೆ ಎಳೆದಳು. ಬಾಣಂತನ ಮಾಡಿದೆವು ಎಂದು ಐವತ್ತು ದಾಟಿದ ಹೆಂಗಸನ್ನು ತೋರಿಸಿ ಹೇಳುವುದು ಹೇಗೆ? ಬಿಡಿಸಿ ಹೇಳಿ ಕಳಿಸಿದ್ದೆನಲ್ಲವ್ವಾ ಎಂದು ನರ್ಸಬಾಯಿ ತಲೆ ಆಡಿಸಿದಳು. ಸೂಜಿ ಚುಚ್ಚಿದರು, ಔಷಧ ಹಾಕಿದರು. ನೋವು ಇಳಿಯಿತು, ಕಣ್ಣು ಉಳಿಯಲಿಲ್ಲ. ಎಡಗಣ್ಣಿಗೆ ಇನ್ನೂ ಆಸೆಯಿದೆ, ಬೇಸಿಗೆ ಕಳೆದ ಮೇಲೆ ಬನ್ನಿ ಎಂದರು.

ಬೇಸಿಗೆ ಕಳೆಯಿತು. ಮುದಕಪ್ಪ ಸಾಕು ಎಂದಿದ್ದ. ಇದ್ದಷ್ಟರಲ್ಲಿ ತಡವರಿಸಿ ನಡೆಯುತ್ತಾಳೆ, ಅದನ್ನೂ ಕಳೆದುಕೊಳ್ಳುವುದು ಬೇಡ. ಅವನು ಕಂದು ಕರಿ ಬೆರೆತ ನೂಲಿನಲ್ಲೇ ಕಂಬಳಿ ನೇಯತೊಡಗಿದ್ದ, ಬೀಳಗಿಯ ಸಂತೆಯಲ್ಲಿ ಅವೂ ಮಾರಿಹೋಗುತ್ತಿದ್ದವು; ಕೊಳ್ಳುವವರು ಯಾರೂ ಅದನ್ನು ಬಿಸಿಲಿಗೆ ಹಿಡಿದು ನೋಡುತ್ತಿರಲಿಲ್ಲ. ಮಾಯವ್ವ ಬಿಡಲಿಲ್ಲ. ಎಡಗಣ್ಣು ತೆಗೆಸೋಣ, ಈ ಸಲ ಎಲ್ಲಿಗೂ ಹೋಗುವುದಿಲ್ಲ, ಕುರಿಯ ಉಣ್ಣೆ ಕುರಿಯ ಮೈಮೇಲೇ ಇರಲಿ ಎಂದು ಅಕ್ಕನಿಗೆ ದಿನಾ ಹೇಳಿದಳು. ಕರೆವ್ವ ರಾಟೆ ತಿರುಗಿಸುತ್ತ ಕೇಳಿಸಿಕೊಂಡಳು. ಒಂದು ದಿನ ರಾಟೆ ನಿಲ್ಲಿಸಿದಳು.

"ಈ ಸಲ ಏನಂತ ಹೇಳಿ ಮಲಗ್ಲಿ?"

ಮಾಯವ್ವನ ಬಳಿ ಹೇಳಲು ಇನ್ನೊಂದು ಹೆಸರಿರಲಿಲ್ಲ. ಸುಮ್ಮನೆ ಮಲಗು ಎಂದು ಹೇಳಬಹುದಿತ್ತು. ಆ ಮಾತು ಇಬ್ಬರಿಗೂ ಅಷ್ಟು ಅಪರಿಚಿತವಾಗಿತ್ತು, ಬಾಯಿಗೆ ಬರಲಿಲ್ಲ. ಅವಳು ಎದ್ದು ಹೋಗಿ ಉಪ್ಪಿನ ಗಡಿಗೆಯನ್ನು ಎಡಕ್ಕೆ ಸರಿಸಿದಳು.

ತಾಯವ್ವನನ್ನು ಯಾರೂ ಬೈಯಲಿಲ್ಲ. ಆದರೆ ಹಳ್ಳಿಯ ಹೆಂಗಸರು ಬಾಣಂತನಕ್ಕೆ ಕರೆಯಲು ಬಂದರೆ ಅವಳು ಕೈಯಲ್ಲಿ ಬಲವಿಲ್ಲ ಎಂದು ಹೇಳಿ ಕಳಿಸತೊಡಗಿದಳು. ಅಗ್ಗಿಷ್ಟಿಕೆ ದನದ ಕೊಟ್ಟಿಗೆಯ ಅಟ್ಟ ಸೇರಿತು. ಎರಡು ಮಳೆಗಾಲದ ಮೇಲೆ ಅವಳು ತೀರಿಕೊಂಡಳು. ಕೊನೆಯ ದಿನಗಳಲ್ಲಿ ಅವಳ ಮೈ ಒರೆಸಿ, ಹೊರಳಿಸಿ ಮಲಗಿಸಿದವಳು ಕರೆವ್ವನೇ.

ಅದರ ಮರುವರ್ಷ ಲಕ್ಷ್ಮವ್ವ ಚೊಚ್ಚಲ ಹೆರಿಗೆಗೆ ಮುಧೋಳದಿಂದ ತವರಿಗೆ ಬಂದು ಹೆಣ್ಣು ಹೆತ್ತಳು. ಬಾಣಂತನ ಮಾಡಬಲ್ಲವರು ಮನೆಯಲ್ಲಿ ಯಾರೂ ಉಳಿದಿರಲಿಲ್ಲ. ಕರೆವ್ವ ತಾನು ಮಾಡುತ್ತೇನೆ ಎಂದಳು; ಇಷ್ಟು ವರ್ಷ ಕೆಂಡ ಊದಿದವಳಿಗೆ ಕಲಿಯುವುದು ಏನಿದೆ? ಅಷ್ಟರಲ್ಲಿ ಅವಳ ಎಡಗಣ್ಣೂ ಪೂರ್ತಿ ಮುಚ್ಚಿತ್ತು. ಅಟ್ಟದಿಂದ ಅಗ್ಗಿಷ್ಟಿಕೆ ಇಳಿಸಿಕೊಟ್ಟವಳು ಮಾಯವ್ವ. ಹೊಗೆ ಬೇಡ ಎಂದು ಒಮ್ಮೆ ಹೇಳಿದಳು. ಹೊಗೆಯಿಲ್ಲದ ಬಾಣಂತನವನ್ನು ಮುಧೋಳದ ಬೀಗರು ಆಡಿಕೊಳ್ಳುತ್ತಾರೆ ಎಂದಳು ಕರೆವ್ವ.

ಮೊದಲ ದಿನ ಬಿಸಿನೀರಿನ ಕೊಡ ಹೊತ್ತು ಬಂದ ಮಾಯವ್ವ ಒಳಕೋಣೆಯ ಬಾಗಿಲಲ್ಲಿ ನಿಂತಳು. ಹೊರಸಿನ ಮೇಲೆ ಲಕ್ಷ್ಮವ್ವ, ಪಕ್ಕದಲ್ಲಿ ಬಟ್ಟೆಯ ಗಂಟಿನಂಥ ಕೂಸು. ನೆಲದ ಮೇಲೆ ಕೆಂಡದ ಮುಂದೆ ಕರೆವ್ವ. ಅವಳು ಅಜವಾನದ ಹಿಡಿಯನ್ನು ತಡೆದು ಹಿಡಿದು, ಎಡಗೈಯಿಂದ ತಡಕಿ ಲಕ್ಷ್ಮವ್ವನ ಮುಖ ಹುಡುಕಿದಳು. ಕಣ್ಣು ಮುಚ್ಚಿಕೋ ಎಂದಳು. ಮುಚ್ಚಿದಳೋ ಇಲ್ಲವೋ ಕಾಣುವಂತಿರಲಿಲ್ಲ, ಅಂಗೈಯನ್ನೇ ಅವಳ ಎರಡು ಕಣ್ಣಿನ ಮೇಲೆ ಅಡ್ಡ ಇಟ್ಟಳು. ಆಮೇಲೆ ಅಜವಾನ ಉದುರಿಸಿದಳು. ಹೊಗೆ ಎದ್ದಿತು. ಕರೆವ್ವ ಮುಖ ತಿರುಗಿಸಲಿಲ್ಲ. ತೆರೆದ ಕಣ್ಣುಗಳ ಮೇಲೆ ಹೊಗೆ ಹರಿದು ಹೋಗುತ್ತಿತ್ತು, ಅವಳು ಕೆಂಡ ಊದುತ್ತ ಕೂತಿದ್ದಳು.